ಬಿಸಿಲು, ನೀರು ಮತ್ತು ಹದ: ಕಾಗಿಣಾ ಕಣಿವೆಯ ನೀರಾವರಿ ಬೇಸಾಯದ ಜನಪದ ತಿಳಿವಳಿಕೆ

ಕಲಬುರಗಿ ಜಿಲ್ಲೆಯ ಕೃಷಿಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ಮಾತುಗಳಿಂದ ಆರಂಭವಾಗುತ್ತವೆ. ಇದು ಬಿಸಿಲ ನಾಡು ಎಂಬುದು ಒಂದು. ಇದು ತೊಗರಿಯ ಕಣಜ ಎಂಬುದು ಇನ್ನೊಂದು. ಮೊದಲನೆಯದನ್ನು ಕೊರತೆಯಾಗಿಯೂ ಎರಡನೆಯದನ್ನು ಆ ಕೊರತೆಯ ನಡುವೆ ದಕ್ಕಿದ ಸಮಾಧಾನವಾಗಿಯೂ ಹೇಳುವುದು ರೂಢಿ. ಬಿಸಿಲನ್ನು ಕೇವಲ ಶಾಪವೆಂದು ಬಗೆಯುವ ಈ ದೃಷ್ಟಿ ಆಡಳಿತದ ಕಾಗದಪತ್ರಗಳಲ್ಲಿ ಕಾಣುವಷ್ಟು ಒಕ್ಕಲುತನ ಮಾಡುವವರ ಮಾತಿನಲ್ಲಿ ಕಾಣುವುದಿಲ್ಲ. ನೀರಿಲ್ಲದಾಗ ಸುಡುವ ಬಿಸಿಲೇ ನೀರು ದೊರೆತಾಗ ಬೆಳೆಸುತ್ತದೆ ಎಂಬ ತಿಳಿವು ಈ ಭಾಗದ ಭಾಷೆಯಲ್ಲಿ, ಆಚರಣೆಯಲ್ಲಿ, ದುಡಿಮೆಯ ಕ್ರಮದಲ್ಲಿ ಆಳವಾಗಿ ಬೇರೂರಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರವನ್ನು ಆಧರಿಸಿ, ಉಷ್ಣ ಹವೆಯಲ್ಲಿ ನೀರಾವರಿ ಭೂಮಿಯನ್ನು ಸಾಗುವಳಿ ಮಾಡುವುದರ ಅನುಕೂಲಗಳನ್ನು ಜನಪದರು ಹೇಗೆ ಗ್ರಹಿಸಿದ್ದಾರೆ, ಆ ಅನುಕೂಲಗಳಿಗೆ ಯಾವ ಮಿತಿಗಳನ್ನು ಕಂಡುಕೊಂಡಿದ್ದಾರೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನೀರಾವರಿಯ ಲಾಭವನ್ನು ಎಕರೆಗಳಲ್ಲಿಯೂ ಕ್ವಿಂಟಲುಗಳಲ್ಲಿಯೂ ಅಳೆಯುವುದು ಅವಶ್ಯವೇ ಆದರೂ ಅದು ಸಾಲದು. 'ಹದ' ಎಂಬ ದೇಶೀಯ ಪರಿಕಲ್ಪನೆಯ ಮೂಲಕ ನೋಡಿದಾಗ ಮಾತ್ರ ಅದರ ನಿಜವಾದ ಸ್ವರೂಪ ತಿಳಿಯುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

1. ನೆಲ, ಹೊಳೆ ಮತ್ತು ಹವೆ

ಮೇಲೆ ಹೆಸರಿಸಿದ ಊರುಗಳನ್ನು ಒಂದು ಘಟಕವಾಗಿ ಬೆಸೆಯುವುದು ಕಾಗಿಣಾ ನದಿ. ಇಂದಿನ ತೆಲಂಗಾಣದ ಎತ್ತರದ ಪ್ರದೇಶದಲ್ಲಿ ಹುಟ್ಟಿ ತಾಂಡೂರಿನ ಕಡೆಯಿಂದ ಕರ್ನಾಟಕವನ್ನು ಪ್ರವೇಶಿಸುವ ಈ ನದಿ ಸೇಡಂ, ಚಿತ್ತಾಪುರ ಪ್ರದೇಶಗಳಲ್ಲಿ ಹರಿದು ಶಹಾಬಾದ ಬಳಿಯ ಹೊನಗುಂಟದಲ್ಲಿ ಭೀಮೆಯನ್ನು ಕೂಡುತ್ತದೆ. ಬೀದರ ಜಿಲ್ಲೆಯ ಬಸವಕಲ್ಯಾಣದ ಕಡೆಯಿಂದ ಬಂದು ಚಿಂಚೋಳಿಯನ್ನು ಹಾಯುವ ಮುಲ್ಲಾಮಾರಿ, ಅದರ ಪಶ್ಚಿಮಕ್ಕೆ ಹರಿಯುವ ಬೆಣ್ಣೆತೊರೆ ಇವೆರಡೂ ಕಾಗಿಣಾದ ಉಪನದಿಗಳು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಇದೇ ಕಾಗಿಣಾ ದಂಡೆಯ ಮೇಲಿದೆ. ಅಮೋಘವರ್ಷ ನೃಪತುಂಗನ ಆಸ್ಥಾನವೂ 'ಕವಿರಾಜಮಾರ್ಗ'ವೂ ನೆಲೆಗೊಂಡದ್ದು ಈ ಬಿಸಿಲ ನೆಲದಲ್ಲಿಯೇ ಎಂಬುದು ಇಲ್ಲಿ ಸ್ಮರಣೀಯ. ರಾಜಧಾನಿಯೊಂದು ತಲೆಮಾರುಗಳ ಕಾಲ ನಿಲ್ಲಬೇಕಾದರೆ ಸುತ್ತಲಿನ ಬೇಸಾಯ ಅದನ್ನು ಪೋಷಿಸುವಷ್ಟು ಸಮರ್ಥವಾಗಿರಲೇಬೇಕು.

ನೆಲದ ಸ್ವರೂಪ ಎಲ್ಲೆಡೆ ಒಂದೇ ತೆರನಾಗಿಲ್ಲ. ಚಿಂಚೋಳಿಯ ಉತ್ತರ ಭಾಗದಲ್ಲಿ ಕೆಮ್ಮಣ್ಣಿನ ದಿಬ್ಬಗಳೂ ಕಾಡೂ ಇವೆ. ಅಲ್ಲಿನ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಸೇಡಂ, ಚಿತ್ತಾಪುರಗಳ ಬಯಲು ಬಹುಮಟ್ಟಿಗೆ ಎರೆಭೂಮಿ. ಶಹಾಬಾದ, ವಾಡಿಗಳ ಸುತ್ತ ಎರೆಮಣ್ಣಿನ ಕೆಳಗೆ ಸುಣ್ಣಕಲ್ಲಿನ ಪದರುಗಳಿವೆ. 'ಶಹಾಬಾದಿ ಹಾಸುಗಲ್ಲು' ಎಂದು ದೇಶದಾದ್ಯಂತ ಹೆಸರಾದುದು ಇದೇ ಕಲ್ಲು. ಈ ಭಾಗದ ಸಿಮೆಂಟ್ ಕಾರ್ಖಾನೆಗಳಿಗೂ ಇದೇ ಆಧಾರ. ಕಲ್ಲಿನ ಸೀಳುಗಳಲ್ಲಿ ನೀರು ಸಿಕ್ಕರೆ ಧಾರಾಳ, ಇಲ್ಲದಿದ್ದರೆ ಶೂನ್ಯ. ಆದ್ದರಿಂದ ಇಲ್ಲಿ ಬಾವಿ ತೋಡುವುದು ಯಾವಾಗಲೂ ಅದೃಷ್ಟ ಪರೀಕ್ಷೆಯೇ.

ವಾರ್ಷಿಕ ಮಳೆ ಸುಮಾರು 750ರಿಂದ 900 ಮಿಲಿಮೀಟರ್. ಪೂರ್ವದ ಚಿಂಚೋಳಿ, ಸೇಡಂ ಕಡೆಗೆ ಹೆಚ್ಚು, ಪಶ್ಚಿಮದ ಕಡೆಗೆ ಕಡಿಮೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಆವಿಯಾಗಿ ಹೋಗಬಲ್ಲ ನೀರಿನ ಪ್ರಮಾಣ ಬೀಳುವ ಮಳೆಗಿಂತ ಬಹಳ ಹೆಚ್ಚು. ಒಂದು ವರ್ಷದ ಮಳೆ ಒಟ್ಟಾರೆ ಸಾಕೆನಿಸಿದರೂ ಬೇಕಾದ ವಾರದಲ್ಲಿ ಬಾರದಿದ್ದರೆ ಬೆಳೆ ಹೋಗುತ್ತದೆ. ಈ ನಾಡಿನ ಸಮಸ್ಯೆ ನೀರಿನ ಪ್ರಮಾಣದ್ದು ಎನ್ನುವುದಕ್ಕಿಂತ ನೀರಿನ ಸಮಯದ್ದು ಎನ್ನುವುದು ಹೆಚ್ಚು ಸರಿ.

2. ಖುಷ್ಕಿ, ತರಿ, ಬಾಗಾಯತು: ಪದಗಳು ಹೇಳುವ ಚರಿತ್ರೆ

ಈ ಪ್ರದೇಶ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿತ್ತು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಸಂಸ್ಥಾನದ ಭೂಕಂದಾಯ ಕಾಯಿದೆ 1317ನೆಯ ಫಸಲಿಯದು. ಫಸಲಿ ಎಂಬ ವರ್ಷಗಣನೆಯೇ ಫಸಲಿನಿಂದ, ಎಂದರೆ ಕಟಾವಿನಿಂದ, ಹೆಸರು ಪಡೆದದ್ದು. ಆ ಕಾಲದ ದಫ್ತರಗಳ ಮೂಲಕ ಬಂದ ಪಾರಸಿ ಮೂಲದ ಶಬ್ದಗಳು ಇಂದಿಗೂ ಈ ಭಾಗದ ಕನ್ನಡದಲ್ಲಿ ಜೀವಂತವಾಗಿವೆ. ಮಳೆಯಾಶ್ರಿತ ಒಣಭೂಮಿ 'ಖುಷ್ಕಿ'. ಕೆರೆ, ಕಾಲುವೆಗಳ ನೀರುಣ್ಣುವ ಭೂಮಿ 'ತರಿ'. ಬಾವಿಯ ನೀರಿನಿಂದ ಕಾಯಿಪಲ್ಲೆ, ಹಣ್ಣು ಬೆಳೆಯುವ ತೋಟದ ಭೂಮಿ 'ಬಾಗಾಯತು'. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ತೇವವುಳ್ಳದ್ದು, ಬಾಗ್ ಎಂದರೆ ತೋಟ.

ಇವುಗಳಿಗಿಂತ ಸ್ವಾರಸ್ಯಕರವಾದುದು ಭತ್ತದ ಎರಡು ಹಂಗಾಮುಗಳ ಹೆಸರು. ಮಳೆಗಾಲದಲ್ಲಿ ಬಿತ್ತಿ ಚಳಿಗಾಲದ ಆರಂಭಕ್ಕೆ ಕೊಯ್ಯುವ ಭತ್ತ 'ಆಬಿ'; ಚಳಿಗಾಲದಲ್ಲಿ ನೆಟ್ಟು ಬೇಸಿಗೆಯಲ್ಲಿ ಕೊಯ್ಯುವ ಭತ್ತ 'ತಾಬಿ'. ಆಬ್ ಎಂದರೆ ನೀರು. ತಾಬ್ ಎಂದರೆ ಶಾಖ, ಕಾಂತಿ. ಸಂಸ್ಕೃತದ 'ತಾಪ'ಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಒಂದು ನೀರಿನ ಬೆಳೆ, ಇನ್ನೊಂದು ಬಿಸಿಲಿನ ಬೆಳೆ. ನೀರು ಆಕಾಶದಿಂದ ತಾನಾಗಿ ಬರುವ ಕಾಲದಲ್ಲಿ ಬೆಳೆಗೆ ನೀರಿನ ಹೆಸರು. ನೀರನ್ನು ಮನುಷ್ಯ ಕೆರೆಯಿಂದ ತಂದು ಕೊಡಬೇಕಾದ ಕಾಲದಲ್ಲಿ ಬೆಳೆಗೆ ಬಿಸಿಲಿನ ಹೆಸರು. ಬಿಸಿಲು ಬೇಸಾಯದ ಒಂದು ಬಂಡವಾಳ, ನೀರನ್ನು ಕೂಡಿಸಿದಾಗ ಅದು ಫಲಿಸುತ್ತದೆ ಎಂಬ ಅರಿವು ಕಂದಾಯದ ಪರಿಭಾಷೆಯೊಳಗೂ ಸೇರಿಕೊಂಡಿರುವುದಕ್ಕೆ ಇದೊಂದು ನಿದರ್ಶನ.

ಇದಕ್ಕೂ ಹಿಂದಿನ ಕಾಲದ ಶಾಸನಗಳಲ್ಲಿ ನೆಲವನ್ನು ಬಣ್ಣ, ಬಳಕೆಗಳಿಂದ ವಿಂಗಡಿಸಿ, ಮತ್ತರುಗಳಲ್ಲಿ ಅಳೆದು ದಾನ ಕೊಟ್ಟ ಉಲ್ಲೇಖಗಳು ಹೇರಳ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವನ್ನು ಕುರಿತ 1058ರ ಶಾಸನದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮಾತ್ರವಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗರ ಪ್ರಸ್ತಾಪವೂ ಇದೆ. ಅಂಥ ಸಂಸ್ಥೆಯ ನಿರ್ವಹಣೆಗೆ ಆಧಾರವಾದುದು ಭೂಮಿಯ ಹುಟ್ಟುವಳಿಯೇ. ವರ್ಷ ವರ್ಷವೂ ತಪ್ಪದೆ ಬರುವ ಆದಾಯ ಬೇಕಾದ ಕಡೆ ನೀರಿನ ಆಸರೆಯುಳ್ಳ ನೆಲದ ಬೆಲೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ.

3. 'ಹದ'ದ ಪರಿಕಲ್ಪನೆ

ಒಕ್ಕಲಿಗರ ಮಾತಿನಲ್ಲಿ 'ಹದ' ಎಂಬುದು ಬಹು ವ್ಯಾಪಕವಾದ ಶಬ್ದ. ಮಣ್ಣಿನಲ್ಲಿ ಬಿತ್ತನೆಗೆ ತಕ್ಕ ತೇವವಿರುವುದು ಹದ; ರೊಟ್ಟಿಯ ಹಿಟ್ಟು ತಟ್ಟಲು ಬರುವಂತಿರುವುದು ಹದ; ಕಬ್ಬಿಣ ಬಡಿಯಲು ತಕ್ಕಷ್ಟು ಕಾದಿರುವುದೂ ಹದವೇ. ಈ ಎಲ್ಲ ಬಳಕೆಗಳಲ್ಲಿಯೂ ಸಮಾನವಾದ ಅಂಶವೆಂದರೆ, ಶಾಖ ಮತ್ತು ತೇವಗಳು ತಕ್ಕ ಪ್ರಮಾಣದಲ್ಲಿ, ತಕ್ಕ ಗಳಿಗೆಯಲ್ಲಿ ಕೂಡುವುದು. ಹದ ಒಂದು ವಸ್ತುವಲ್ಲ, ಒಂದು ಸಮಯ. ಅದು ಬರುತ್ತದೆ, ಹೋಗುತ್ತದೆ, ತಪ್ಪುತ್ತದೆ.

ಖುಷ್ಕಿ ಬೇಸಾಯದಲ್ಲಿ ಹದವನ್ನು ಕಾಯಬೇಕು. ಆದ್ದರಿಂದಲೇ ಮಳೆ ನಕ್ಷತ್ರಗಳ ಪಂಚಾಂಗ ಇಷ್ಟು ಸೂಕ್ಷ್ಮವಾಗಿ ಬೆಳೆದಿದೆ. ಒಂದೊಂದು ನಕ್ಷತ್ರಕ್ಕೆ ಸುಮಾರು 13ರಿಂದ 14 ದಿನ. ಮೃಗಶಿರ, ಆರಿದ್ರಾ ಮಳೆಗಳಿಗೆ ಹೆಸರು, ಉದ್ದು, ತೊಗರಿ. ಉತ್ತರೆ, ಹಸ್ತ ಮಳೆಗಳಿಗೆ ಹಿಂಗಾರಿ ಜೋಳ, ಕಡಲೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬಂಥ ಗಾದೆಗಳು ಈ ಕಾಯುವಿಕೆಯಿಂದ ಹುಟ್ಟಿದವು. ಎರೆಭೂಮಿಯಲ್ಲಿ ಹದದ ಅವಧಿ ಬಹಳ ಕಿರಿದು. ಮಳೆ ನಿಂತ ಕೂಡಲೇ ಇಳಿದರೆ ಮಣ್ಣು ಕಾಲಿಗೆ, ಕೂರಿಗೆಗೆ ಮೆತ್ತುತ್ತದೆ. ಕೆಲವು ದಿನ ತಡೆದರೆ ಬಿಸಿಲಿಗೆ ಮೇಲ್ಪದರು ಗಟ್ಟಿಯಾಗುತ್ತದೆ. ಆ ನಡುವಿನ ದಿನಗಳಲ್ಲಿ ಎತ್ತು, ಆಳು, ಬೀಜ ಮೂರೂ ಸಿದ್ಧವಿರಬೇಕು. ಸ್ವಂತ ಎತ್ತಿಲ್ಲದ ಬಡವ ಇನ್ನೊಬ್ಬರ ಬಿತ್ತನೆ ಮುಗಿಯುವವರೆಗೆ ಕಾಯುವಷ್ಟರಲ್ಲಿ ಹದ ಹೋಗಿರುತ್ತದೆ. ಹೀಗೆ ಹದವೆಂಬುದು ಮಣ್ಣಿನ ಗುಣವಷ್ಟೇ ಆಗದೆ ಸಾಮಾಜಿಕ ಅಂತರಗಳನ್ನು ಹೊರಗೆಡಹುವ ಮಾನದಂಡವೂ ಆಗಿದೆ.

ನೀರಾವರಿ ಭೂಮಿಯ ಮೂಲಭೂತ ಅನುಕೂಲ ಇರುವುದು ಇಲ್ಲಿಯೇ. ಅಲ್ಲಿ ಹದವನ್ನು ಕಾಯಬೇಕಿಲ್ಲ, ಮಾಡಿಕೊಳ್ಳಬಹುದು. ಬಿಸಿಲು ವರ್ಷವಿಡೀ ಇದ್ದೇ ಇದೆ. ತೇವವನ್ನು ಬೇಕಾದಾಗ ಕೂಡಿಸಿದರೆ ವರ್ಷದ ಯಾವ ತಿಂಗಳಾದರೂ ಬಿತ್ತನೆಯ ತಿಂಗಳಾಗಬಲ್ಲದು. ಶೀತ ದೇಶಗಳಲ್ಲಿ ನೀರಿದ್ದರೂ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಬೆಳೆ ಅಸಾಧ್ಯವಾಗುತ್ತದೆ. ಅಲ್ಲಿ ರೈತನ ಕೈಯಲ್ಲಿಲ್ಲದಿರುವುದು ಶಾಖ. ಇಲ್ಲಿ ಕೈಯಲ್ಲಿಲ್ಲದಿರುವುದು ನೀರು. ಬಯಲಿನ ಹೊಲಕ್ಕೆ ಶಾಖವನ್ನು ಹೊರಗಿನಿಂದ ತಂದು ಕೊಡುವುದು ಸಾಧ್ಯವಿಲ್ಲ, ನೀರನ್ನು ತರಬಹುದು. ಉಷ್ಣ ಹವೆಯ ಬೇಸಾಯದ ದೊಡ್ಡ ಭರವಸೆ ಈ ಸರಳ ಸಂಗತಿಯಲ್ಲಿದೆ.

4. ಬಿಸಿಲಿನ ಉಪಯೋಗಗಳು

ಬಿಸಿಲನ್ನು ಜನಪದರು ಒಂದೇ ವಸ್ತುವೆಂದು ಬಗೆಯುವುದಿಲ್ಲ. ಎಳೆಬಿಸಿಲು, ಏರುಬಿಸಿಲು, ಬಿರುಬಿಸಿಲು, ಇಳಿಬಿಸಿಲು, ಝಳ, ಧಗೆ ಎಂಬ ಶಬ್ದಗಳು ದಿನದ ಹೊತ್ತು, ತೀವ್ರತೆ, ಗಾಳಿಯ ಗುಣಗಳನ್ನು ಅನುಸರಿಸಿ ಬಳಕೆಯಾಗುತ್ತವೆ. ತೋಟಕ್ಕೆ ನೀರು ಬಿಡುವುದು ಎಳೆಬಿಸಿಲಿನಲ್ಲಿ ಅಥವಾ ಇಳಿಹೊತ್ತಿನಲ್ಲಿ. ಬಿರುಬಿಸಿಲಿನಲ್ಲಿ ಬಿಟ್ಟ ನೀರಿನ ಒಂದು ಪಾಲು ಬೇರಿಗೆ ತಲುಪುವ ಮೊದಲೇ ಆವಿಯಾಗಿ ಹೋಗುವುದರಿಂದ ಈ ಪದ್ಧತಿಗೆ ಶಾಸ್ತ್ರೀಯ ಸಮರ್ಥನೆಯೂ ಇದೆ.

ನೀರಿನ ಜೊತೆ ಸೇರಿದ ಬಿಸಿಲಿನ ಅನುಕೂಲಗಳನ್ನು ಸ್ಥೂಲವಾಗಿ ಹೀಗೆ ಗುರುತಿಸಬಹುದು. ಮೊದಲನೆಯದು ಬೆಳವಣಿಗೆಯ ವೇಗ. ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬುಗಳು ಸಸ್ಯವಿಜ್ಞಾನಿಗಳು ಸಿ-4 ಎಂದು ಕರೆಯುವ ಗುಂಪಿಗೆ ಸೇರಿದವು. ಹೆಚ್ಚು ಬೆಳಕು, ಹೆಚ್ಚು ಶಾಖಗಳಲ್ಲಿ ಇವು ಇತರ ಬೆಳೆಗಳಿಗಿಂತ ಸಮರ್ಥವಾಗಿ ಆಹಾರ ತಯಾರಿಸಬಲ್ಲವು. ಎರಡನೆಯದು ಒಂದೇ ನೆಲದಲ್ಲಿ ವರ್ಷಕ್ಕೆ ಎರಡು, ಕೆಲವೊಮ್ಮೆ ಮೂರು ಬೆಳೆ ತೆಗೆಯುವ ಅವಕಾಶ. ಮೂರನೆಯದು ಒಣಹವೆ. ಗಾಳಿಯಲ್ಲಿ ತೇವ ಕಡಿಮೆ ಇರುವುದರಿಂದ ಎಲೆಗೆ ತಗಲುವ ಅನೇಕ ಬೂಷ್ಟು ರೋಗಗಳು ಬೇಸಿಗೆಯ ತೋಟದಲ್ಲಿ ಹರಡುವುದು ಕಡಿಮೆ. ನಾಲ್ಕನೆಯದು ಒಕ್ಕಣೆ ಮತ್ತು ಸಂಗ್ರಹ. ಮೆಣಸಿನಕಾಯಿ, ಅರಿಷಿಣ, ಬೇಳೆಕಾಳುಗಳನ್ನು ಒಣಗಿಸಲು ಬಿಸಿಲಿನ ಕಣವೊಂದಿದ್ದರೆ ಸಾಕು. ಐದನೆಯದು ನೆಲದ ಶುದ್ಧಿ. ಹಿಂಗಾರಿ ಕಟಾವಾದ ಮೇಲೆ ಉತ್ತು ಬಿಟ್ಟ ನೆಲದಲ್ಲಿ ಮೇ ತಿಂಗಳ ಬಿಸಿಲು ಕಳೆಬೇರುಗಳನ್ನೂ ಕೀಟಗಳ ಕೋಶಗಳನ್ನೂ ಸುಟ್ಟುಹಾಕುತ್ತದೆ; ಎರೆಭೂಮಿ ಬಾಯ್ಬಿಟ್ಟು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ.

ಇತ್ತೀಚಿನ ಒಂದು ಪದ್ಧತಿ ಈ ತಿಳಿವಿನ ಮುಂದುವರಿಕೆಯಂತಿದೆ. ತೊಗರಿಯನ್ನು ನೇರವಾಗಿ ಬಿತ್ತುವ ಬದಲು ಮೇ ತಿಂಗಳಲ್ಲಿ ಚಿಕ್ಕ ಚೀಲಗಳಲ್ಲಿ ಸಸಿ ಮಾಡಿ, ಮಳೆ ಬಿದ್ದ ಕೂಡಲೇ ಹೊಲಕ್ಕೆ ನೆಡುವ ನಾಟಿ ತೊಗರಿಯ ಕ್ರಮ ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಈ ಶತಮಾನದ ಮೊದಲ ದಶಕದಿಂದೀಚೆಗೆ ಪರಿಚಿತವಾಗಿದೆ. ವರ್ಷದ ಅತ್ಯಂತ ಉಗ್ರವಾದ ಬಿಸಿಲಿನ ತಿಂಗಳಲ್ಲಿ ಕೆಲವೇ ಕೊಡ ನೀರಿನ ಬಲದಿಂದ ಬೆಳೆ ನಾಲ್ಕು ವಾರಗಳಷ್ಟು ಮುಂದಾಗಿರುತ್ತದೆ. ನೀರು ಬಹಳ ಬೇಕಿಲ್ಲ, ಸಮಯಕ್ಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

5. ಬಾವಿಯ ಸುತ್ತ ಕಟ್ಟಿಕೊಂಡ ಬದುಕು

ವಿದ್ಯುತ್ ಪಂಪುಗಳು ಬರುವವರೆಗೆ ಬಾಗಾಯತು ಎಂದರೆ ತೆರೆದ ಬಾವಿ, ಚರ್ಮದ ಮೋಟು ಮತ್ತು ಎತ್ತು. ಕರ್ನಾಟಕದ ಬೇರೆಡೆ ಕಪಿಲೆ ಎಂದು ಕರೆಯುವ ಸಾಧನವೇ ಈ ಭಾಗದ ಮೋಟು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಸಾಗಿದಂತೆ ಚರ್ಮದ ಚೀಲ ಮೇಲೆ ಬರುತ್ತದೆ. ತೊಟ್ಟಿಗೆ ನೀರು ಸುರಿಯುತ್ತದೆ. ಕಾಲುವೆಯಲ್ಲಿ ಹರಿದು ಮಡಿ ಮಡಿಗೆ ಸೇರುತ್ತದೆ. ಒಬ್ಬ ಎತ್ತು ಹೊಡೆಯುತ್ತಾನೆ; ಇನ್ನೊಬ್ಬರು, ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು, ಸನಿಕೆ ಹಿಡಿದು ಮಡಿಯ ಬಾಯಿ ಕಟ್ಟುತ್ತಾರೆ, ಬಿಡಿಸುತ್ತಾರೆ.

ಒಂದು ಮೋಟು ನಡೆಯಬೇಕಾದರೆ ಊರಿನ ಹಲವು ಕಸುಬುಗಳು ಕೈಗೂಡಬೇಕಿತ್ತು. ಚರ್ಮ ಹದ ಮಾಡಿ ಚೀಲ ಹೊಲಿಯುವ ಚರ್ಮಕಾರ, ಗಾಲಿ ಕಡೆಯುವ ಬಡಿಗ, ಕಬ್ಬಿಣದ ಬಳೆ ಮಾಡುವ ಕಮ್ಮಾರ, ಮಿಣಿ ಹೊಸೆಯುವವರು ಎಲ್ಲರೂ ಇದರಲ್ಲಿ ಪಾಲುದಾರರು. ಅವರಿಗೆ ಸಲ್ಲುತ್ತಿದ್ದ ಆಯದಲ್ಲಿ ಕಾಳಿನ ಜೊತೆ ತೋಟದ ಕಾಯಿಪಲ್ಲೆಯೂ ಸೇರುತ್ತಿತ್ತು. ಆದರೆ ಈ ವ್ಯವಸ್ಥೆಯನ್ನು ಸಾಮರಸ್ಯದ ಚಿತ್ರವೆಂದಷ್ಟೇ ನೋಡಲಾಗದು. ಚೀಲ ಹೊಲಿದವನ ಕೈ ಮುಟ್ಟಿದ ಚರ್ಮದಲ್ಲಿ ಬಂದ ನೀರು ಎಲ್ಲರ ಬೆಳೆಗೆ ಆಗುತ್ತಿತ್ತು. ಅದೇ ಬಾವಿಯ ನೀರನ್ನು ತಾನೇ ಇಳಿದು ತುಂಬಿಕೊಳ್ಳುವ ಹಕ್ಕು ಅವನಿಗೆ ಇರುತ್ತಿರಲಿಲ್ಲ. ನೀರಾವರಿಯ ಅನುಕೂಲ ಯಾರದು ಎಂಬ ಪ್ರಶ್ನೆ ಹೊಸದಲ್ಲ.

ಕೆರೆಯ ನೀರಿನ ಹಂಚಿಕೆಯಲ್ಲಿ ನೀರುಗಂಟಿಯ ಪಾತ್ರ ಮುಖ್ಯವಾದುದು. ತೆಲುಗಿನ ಗಡಿಗೆ ಹೊಂದಿದ ಊರುಗಳಲ್ಲಿ ಇವನನ್ನು 'ನೀರಡಿ' ಎನ್ನುವುದುಂಟು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ 'ಪಾಳಿ'ಯನ್ನು ಅವನು ನಿಭಾಯಿಸುತ್ತಿದ್ದ. ಹದ ನೋಡಿ ನೀರು ಬಿಡುವ ವಿವೇಕ ಅವನ ಕಸುಬಿನ ಸಾರ.

ನೀರಾವರಿ ಭೂಮಿಯ ಇನ್ನೊಂದು ಅನುಕೂಲ ಹಣದ ಚಲನೆಗೆ ಸಂಬಂಧಿಸಿದ್ದು. ತೊಗರಿ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಜೂನ್‌ನಲ್ಲಿ ಬಿತ್ತಿದವನು ಜನವರಿಯವರೆಗೆ ಸಾಲದಲ್ಲಿ ಬದುಕಬೇಕು. ತೋಟದ ಮೆಂತೆ, ಪಾಲಕ, ಬದನೆ, ಹಸಿಮೆಣಸು ವಾರವಾರದ ಸಂತೆಗೆ ಹೋಗುತ್ತವೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲುಮಾರ್ಗ ತೆರೆದಾಗ ಚಿತ್ತಾಪುರ, ಸೇಡಂಗಳು ಅದರ ಹಾದಿಗೆ ಬಂದವು, ವಾಡಿ ಜಂಕ್ಷನ್ನಾಯಿತು. ಮುಂದೆ ಶಹಾಬಾದ, ವಾಡಿ, ಸೇಡಂಗಳಲ್ಲಿ ಕಲ್ಲುಗಣಿ, ಕಾರ್ಖಾನೆಗಳು ಬೆಳೆದಂತೆ ಕೂಲಿ ಪಡೆದು ಕಾಯಿಪಲ್ಲೆ ಕೊಳ್ಳುವ ಜನವಸತಿಗಳು ಹುಟ್ಟಿದವು. ಹತ್ತಿರದ ಬಾವಿ ತೋಟಗಳಿಗೆ ಇದೊಂದು ಖಚಿತ ಮಾರುಕಟ್ಟೆ. ಆ ಸಂತೆಯ ಹಣ ಬಹುಮಟ್ಟಿಗೆ ಹೆಣ್ಣುಮಕ್ಕಳ ಸೆರಗಿನ ಗಂಟಿಗೆ ಸೇರುತ್ತಿತ್ತು ಎಂಬುದು ಕುಟುಂಬದೊಳಗಿನ ಅಧಿಕಾರದ ದೃಷ್ಟಿಯಿಂದ ಮಹತ್ವದ್ದು.

ಇದೆಲ್ಲಕ್ಕೂ ಮಿಗಿಲಾದ ಅನುಕೂಲ ಜನರನ್ನು ಊರಿನಲ್ಲಿ ನಿಲ್ಲಿಸುವುದು. ಹಿಂಗಾರಿ ಕಟಾವಾದ ಮೇಲೆ ಖುಷ್ಕಿ ನೆಲದಲ್ಲಿ ಕೆಲಸವಿಲ್ಲ. 'ಕೆಟ್ಟು ಪಟ್ಟಣ ಸೇರು' ಎಂಬ ಗಾದೆಯನ್ನು ಈ ಭಾಗದ ಕೂಲಿಕಾರರು, ವಿಶೇಷವಾಗಿ ಚಿಂಚೋಳಿಯ ತಾಂಡಾಗಳ ಲಂಬಾಣಿ ಕುಟುಂಬಗಳು, ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳ ದಾರಿಯಲ್ಲಿ ಅನುಭವಿಸಿದ್ದಾರೆ. ಒಂದೆರಡು ಎಕರೆ ತೋಟವಿದ್ದ ಮನೆಯಲ್ಲಿ ಬೇಸಿಗೆಯಲ್ಲಿಯೂ ಒಬ್ಬರಾದರೂ ಊರಿನಲ್ಲಿ ಉಳಿಯುತ್ತಾರೆ. ಹಸಿರು ಮೇವು ಇರುವುದರಿಂದ ಎಮ್ಮೆ ಉಳಿಯುತ್ತದೆ. ಮಗುವಿನ ಶಾಲೆ ಉಳಿಯುತ್ತದೆ.

6. ಆಚರಣೆಯಲ್ಲಿ ಕೂಡಿದ ಎರಡು ನೆಲಗಳು

ಕಲಬುರಗಿ, ಬೀದರ ಭಾಗದ ಒಕ್ಕಲು ಜನರ ದೊಡ್ಡ ಹಬ್ಬ ಎಳ್ಳಮವಾಸ್ಯೆ. ಅಂದು ಕುಟುಂಬವೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಅಲ್ಲಿಯೇ ಊಟ ಮಾಡುತ್ತದೆ. ಆ ಊಟದ ಮುಖ್ಯ ಪದಾರ್ಥ 'ಭಜ್ಜಿ'. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ ಒಂದು ಕಡೆ. ಮೆಂತೆ, ಪಾಲಕ, ಬದನೆ, ಗಜ್ಜರಿ, ಹಸಿಮೆಣಸು ಇನ್ನೊಂದು ಕಡೆ. ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟುಗಳಲ್ಲಿ ಕೂಡಿಸಿ ಬೇಯಿಸಲಾಗುತ್ತದೆ. ಕಾಳುಗಳು ಖುಷ್ಕಿಯವು, ಸೊಪ್ಪು ತರಕಾರಿಗಳು ಬಾಗಾಯತಿನವು. ಖುಷ್ಕಿ ಮಾತ್ರ ಇರುವ ಮನೆಯವರು ತೋಟದ ಮನೆಯಿಂದ ಸೊಪ್ಪು ತರುತ್ತಾರೆ, ಇಲ್ಲವೆ ಸಂತೆಯಲ್ಲಿ ಕೊಳ್ಳುತ್ತಾರೆ. ಒಣನೆಲ ಮತ್ತು ನೀರ್ನೆಲಗಳು ಒಂದಕ್ಕೊಂದು ಪೂರಕವೆಂಬ ತಿಳಿವು ಈ ಒಂದು ಪಾತ್ರೆಯಲ್ಲಿ ಅಡಕವಾಗಿದೆ. ಖುಷ್ಕಿಯನ್ನೆಲ್ಲ ತರಿಯಾಗಿಸುವುದೇ ಪ್ರಗತಿ ಎಂಬ ಭಾವನೆ ಈ ಆಚರಣೆಯಲ್ಲಿ ಇಲ್ಲ.

ನೀರಿಗೆ ತೆರಬೇಕಾದ ಬೆಲೆಯನ್ನೂ ಜನಪದರು ಮರೆತಿಲ್ಲ. 'ಕೆರೆಗೆ ಹಾರ' ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಬಲಿಯಾಗುವವಳು ಮನೆಯ ಕಿರಿಯ ಸೊಸೆ ಭಾಗೀರಥಿ. ಅದನ್ನು ತ್ಯಾಗದ ವೈಭವೀಕರಣವೆಂದು ಓದುವ ಕ್ರಮವೊಂದಿದೆ. ನೀರಾವರಿಯ ಲಾಭ ಊರಿಗೆ, ಅದರ ಬೆಲೆ ದನಿಯಿಲ್ಲದವರಿಗೆ ಎಂಬ ಎಚ್ಚರದ ಮಾತಾಗಿಯೂ ಅದನ್ನು ಓದಬಹುದು. ಮೋಟು ಹೊಡೆಯುವಾಗ, ಬೀಸುವಾಗ, ಹಂತಿ ಕಟ್ಟುವಾಗ ಹಾಡುತ್ತಿದ್ದ ಪದಗಳಲ್ಲಿ ಮೋಟಿನ ಪದಗಳು ಬಹುಬೇಗ ಮರೆಯಾದವು. ಏಕೆಂದರೆ ಅವುಗಳ ಲಯ ಎತ್ತಿನ ಹೆಜ್ಜೆಗೆ ಕಟ್ಟುಬಿದ್ದಿತ್ತು. ಪಂಪಿನ ಗುಂಡಿ ಒತ್ತುವುದಕ್ಕೆ ಹಾಡು ಬೇಕಿಲ್ಲ.

7. ಹದ ಮೀರಿದ ನೀರು

ಉಷ್ಣ ಹವೆಯಲ್ಲಿ ನೀರಾವರಿಯ ಅನುಕೂಲಗಳು ಷರತ್ತಿಗೆ ಒಳಪಟ್ಟವು. ಎರೆಮಣ್ಣು ನೀರನ್ನು ಹಿಡಿದಿಡುತ್ತದೆ, ಬೇಗ ಬಸಿಯಗೊಡುವುದಿಲ್ಲ. ಮೇಲಿಂದ ಮೇಲೆ ನೀರು ಹಾಯಿಸಿದರೆ ಒಳಗಿನ ಲವಣಗಳು ಕರಗಿ, ಬಿಸಿಲಿನ ಸೆಳೆತಕ್ಕೆ ಮೇಲೆದ್ದು, ನೀರು ಆವಿಯಾದ ಮೇಲೆ ನೆಲದ ಮೇಲೆ ಬಿಳಿಯ ಪೊರೆಯಾಗಿ ನಿಲ್ಲುತ್ತವೆ. ಒಕ್ಕಲಿಗರು ಇದನ್ನು 'ಸೌಳು' ಎನ್ನುತ್ತಾರೆ. ನೀರು ನಿಂತು ಕೆಟ್ಟ ನೆಲ 'ಜೌಳು'. ಬೆಳೆಯನ್ನು ಬೆಳೆಸುವ ಬಿಸಿಲೇ ಹೀಗೆ ನೆಲವನ್ನು ಉಪ್ಪಾಗಿಸುವುದಕ್ಕೂ ಕಾರಣವಾಗುತ್ತದೆ. ತುಂಗಭದ್ರಾ, ಕೃಷ್ಣಾ ಮೇಲ್ದಂಡೆ ಯೋಜನೆಗಳ ಅಚ್ಚುಕಟ್ಟುಗಳಲ್ಲಿ ಫಲವತ್ತಾದ ಎರೆಭೂಮಿಯ ಭಾಗಗಳು ಸೌಳು, ಜೌಳುಗಳಾದುದು ರಾಜ್ಯದ ಕೃಷಿ ಚರಿತ್ರೆಯ ಕಹಿ ಪಾಠ.

ತೊಗರಿಯ ಸಂದರ್ಭದಲ್ಲಿ ಇದು ಇನ್ನೂ ಸ್ಪಷ್ಟ. ಅದರ ತಾಯಿಬೇರು ಆಳಕ್ಕೆ ಇಳಿದು ತೇವವನ್ನು ತಾನೇ ಹುಡುಕಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಸೊರಗು ರೋಗಕ್ಕೆ ಈಡಾಗುತ್ತದೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್‌ನಂಥ ಸೊರಗು ನಿರೋಧಕ ತಳಿಗಳನ್ನು ರೂಪಿಸಿದ್ದು ಈ ಹಿನ್ನೆಲೆಯಲ್ಲಿ. ಆದರೆ ಹೂಬಿಡುವ, ಕಾಯಿ ಕಟ್ಟುವ ಕಾಲದಲ್ಲಿ ಮಳೆ ಕೈಕೊಟ್ಟಾಗ ಒಂದೇ ಒಂದು ಸಲ ಕೊಟ್ಟ ನೀರು ಬೆಳೆಯನ್ನು ಉಳಿಸುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯ ಹೆಸರಿಗೆ ಸುಣ್ಣದಂಶವುಳ್ಳ ಈ ನೆಲವೂ ಈ ಬಿಸಿಲೂ ಕಾರಣ. ಅದಕ್ಕೆ ಬೇಕಾದುದು ಕಾಲುವೆಯಲ್ಲಿ ತುಂಬಿ ಹರಿಯುವ ನೀರಲ್ಲ, ಕೈಗೆಟಕುವ ನೀರು. ನೆರೆಯ ಕಮಲಾಪುರದ ಕೆಂಪು ಬಾಳೆ ಇದಕ್ಕೆ ಪ್ರತಿಯಾದ ಉದಾಹರಣೆ. ಅದೂ ಭೌಗೋಳಿಕ ಗುರುತು ಪಡೆದ ಬೆಳೆ. ಆದರೆ ವರ್ಷವಿಡೀ ನೀರನ್ನು ಬೇಡುವುದರಿಂದ ಬಸಿಯುವ ಕೆಮ್ಮಣ್ಣಿನಲ್ಲಿ, ನೀರಿನಾಸರೆಯ ಕಿರಿದಾದ ಪ್ರದೇಶದಲ್ಲಿ ಮಾತ್ರ ನೆಲೆನಿಂತಿದೆ. ಯಾವ ನೆಲಕ್ಕೆ ಎಷ್ಟು ನೀರು ಎಂಬ ವಿವೇಚನೆ ಇಲ್ಲದೆ ನೀರಾವರಿಯ ಅನುಕೂಲವನ್ನು ಸಾರಾಸಗಟಾಗಿ ಹೇಳಲಾಗದು.

8. ಅಣೆಕಟ್ಟು, ಕೊಳವೆಬಾವಿ, ಕೃಷಿಹೊಂಡ

ಸ್ವಾತಂತ್ರ್ಯಾನಂತರ ಈ ಕಣಿವೆಯಲ್ಲಿ ಹಲವು ಮಧ್ಯಮ ಗಾತ್ರದ ಯೋಜನೆಗಳು ಬಂದವು. ಚಿಂಚೋಳಿ ಕಾಡಿನ ಅಂಚಿನ ಚಂದ್ರಂಪಳ್ಳಿ ಜಲಾಶಯ, ನಾಗರಾಳದ ಬಳಿಯ ಕೆಳದಂಡೆ ಮುಲ್ಲಾಮಾರಿ ಯೋಜನೆ, ಹಿಂದೆ ಚಿತ್ತಾಪುರ ತಾಲ್ಲೂಕಿನಲ್ಲಿದ್ದು ಈಗ ಕಾಳಗಿ ತಾಲ್ಲೂಕಿಗೆ ಸೇರಿದ ಹೇರೂರು ಬಳಿಯ ಬೆಣ್ಣೆತೊರೆ ಯೋಜನೆ ಇವುಗಳಲ್ಲಿ ಮುಖ್ಯವಾದವು. ಇವುಗಳಿಂದ ಕುಡಿಯುವ ನೀರಿಗೂ ಬೇಸಾಯಕ್ಕೂ ಆದ ಉಪಕಾರ ಅಲ್ಲಗಳೆಯುವಂಥದಲ್ಲ. ಆದರೆ ಕಾಲುವೆಯ ನೀರಿನ ಹದ ರೈತನ ಕೈಯಲ್ಲಿ ಇರುವುದಿಲ್ಲ. ಅದು ಗೇಟಿನ ಕೀಲಿಕೈ ಇದ್ದವರ ಕೈಯಲ್ಲಿರುತ್ತದೆ. ಕಾಲುವೆಯ ತಲೆಭಾಗದ ಹೊಲ ಮುಳುಗುವಷ್ಟು ಉಂಡರೆ ಕೊನೆಭಾಗದ ಹೊಲ ಬಾಯಾರುತ್ತದೆ ಎಂಬುದು ದೇಶದ ಎಲ್ಲ ಕಾಲುವೆಗಳ ಸಾಮಾನ್ಯ ಅನುಭವ. ಅಚ್ಚುಕಟ್ಟಿನ ಲೆಕ್ಕದಲ್ಲಿ ಎರಡೂ ನೀರಾವರಿ ಭೂಮಿಯೇ. ಹದದ ಲೆಕ್ಕದಲ್ಲಿ ಎರಡೂ ಅಲ್ಲ.

ಕೊಳವೆಬಾವಿ ನೀರಿನ ಸಮಯವನ್ನು ಮತ್ತೆ ರೈತನ ಕೈಗೆ ತಂದಿತು. ಆದರೆ ಸಮಯ ವಿದ್ಯುತ್ತಿನದಾಯಿತು. ಆಳ ವರ್ಷ ವರ್ಷವೂ ಹೆಚ್ಚುತ್ತ ಹೋಯಿತು. ಸುಣ್ಣಕಲ್ಲಿನ ನೆಲದಲ್ಲಿ ಬತ್ತಿದ ಬಾವಿಯ ಸಾಲ ಮನೆಗಳನ್ನು ಮುಳುಗಿಸಿತು. ತೆರೆದ ಬಾವಿ ಹತ್ತು ಮನೆಗಳಿಗೆ ಕಾಣು ವಸ್ತು. ನೀರಿನ ಮಟ್ಟ ಇಳಿದದ್ದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಅದರಂತೆ ಬೆಳೆಯ ಆಯ್ಕೆ ಬದಲಾಗುತ್ತಿತ್ತು. ಕೊಳವೆಬಾವಿಯ ನೀರು ಕಣ್ಣಿಗೆ ಕಾಣದು. ಆದ್ದರಿಂದ ಅದರ ಬಗ್ಗೆ ಸಮುದಾಯದ ನಿಯಮವೂ ಹುಟ್ಟಲಿಲ್ಲ.

ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯ ಕೃಷಿಹೊಂಡಗಳು ಹಳೆಯ ತಿಳಿವಿಗೆ ಹತ್ತಿರವಾದವು. ಹೊಲದಲ್ಲಿಯೇ ಬಿದ್ದ ಮಳೆಯನ್ನು ಹಿಡಿದು, ಬೆಳೆ ಕುತ್ತಿನಲ್ಲಿದ್ದಾಗ ಒಂದೆರಡು ಸಲ ಕೊಡುವುದು ಇದರ ತತ್ತ್ವ. ಶಹಾಬಾದ, ವಾಡಿ ಪರಿಸರದ ಕೈಬಿಟ್ಟ ಕಲ್ಲುಗಣಿಗಳಲ್ಲಿ ನಿಲ್ಲುವ ಮಳೆನೀರನ್ನೂ ಸುರಕ್ಷತೆ, ಶುದ್ಧತೆಗಳನ್ನು ಪರೀಕ್ಷಿಸಿ ಇದೇ ಬಗೆಯಲ್ಲಿ ಬಳಸುವುದು ವಿಚಾರಾರ್ಹ. ಕಲ್ಲು ಕೊಟ್ಟ ನೆಲ ನೀರನ್ನೂ ಕೊಡಬಲ್ಲದು.

9. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಾಗಿಣಾ ಕಣಿವೆಯ ಜನಪದರಿಗೆ ಬಿಸಿಲು ಶತ್ರುವಲ್ಲ, ನೀರಿನ ಜೊತೆಗಾರ. ಉಷ್ಣ ಹವೆಯಲ್ಲಿ ನೀರಾವರಿ ಭೂಮಿಯ ಅನುಕೂಲಗಳಾದ ವೇಗದ ಬೆಳವಣಿಗೆ, ಹಲವು ಬೆಳೆ, ವಾರದ ಆದಾಯ, ಹಸಿರು ಮೇವು, ಊರಿನಲ್ಲಿ ನಿಲ್ಲುವ ಬದುಕು ಇವೆಲ್ಲವೂ ಹದ ಬೇಸಾಯಗಾರನ ಕೈಯಲ್ಲಿದ್ದಾಗ ಮಾತ್ರ ಸಿದ್ಧಿಸುತ್ತವೆ. ಹದ ಕೈತಪ್ಪಿದರೆ ಅದೇ ಬಿಸಿಲು, ಅದೇ ನೀರು ನೆಲವನ್ನು ಸೌಳಾಗಿಸುತ್ತವೆ. ಆದ್ದರಿಂದ ಈ ಭಾಗದ ನೀರಾವರಿಯನ್ನು ಅಳೆಯುವಾಗ ಎಷ್ಟು ಎಕರೆಗೆ ನೀರು ಹರಿಯಿತು ಎಂಬುದರೊಂದಿಗೆ ಎಷ್ಟು ಮನೆಗಳಿಗೆ ಬೇಕಾದ ವಾರದಲ್ಲಿ ನೀರು ಸಿಕ್ಕಿತು ಎಂಬುದನ್ನೂ ಕೇಳಬೇಕು.

ಜಾನಪದ ವಿದ್ವಾಂಸರ ಮುಂದಿರುವ ಕೆಲಸವೂ ಸಣ್ಣದಲ್ಲ. ಹಾಡು, ಕಥೆ, ಗಾದೆಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ವೃತ್ತಿಪದಗಳನ್ನು ನಾವು ಸಂಗ್ರಹಿಸಿಲ್ಲ. ಮೋಟಿನ ಭಾಗಗಳ ಹೆಸರು, ಮಡಿಗಳ ವಿಧ, ಪಾಳಿಯ ಲೆಕ್ಕ, ಮಣ್ಣಿನ ಹದಗಳನ್ನು ಬೆರಳಿನಿಂದ ಗುರುತಿಸುವ ಕ್ರಮ ಇವೆಲ್ಲ ಇಂದು ಎಪ್ಪತ್ತು ದಾಟಿದವರ ನೆನಪಿನಲ್ಲಿ ಮಾತ್ರ ಉಳಿದಿವೆ. ಸಂವಿಧಾನದ 371(ಜೆ) ವಿಧಿಯ ನಂತರ ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಹಣ ಹರಿದುಬರುತ್ತಿರುವ ಈ ಕಾಲದಲ್ಲಿ, ಯೋಜನೆ ರೂಪಿಸುವವರ ಮೇಜಿನ ಮೇಲೆ ಈ ಪದಕೋಶವೂ ಇರಬೇಕಾದುದು ಅಗತ್ಯ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ ತಾಲ್ಲೂಕುಗಳಲ್ಲಿ ಊರಿಗೊಂದರಂತೆ ಹಳೆಯ ಬಾವಿಯೊಂದನ್ನು ಆಯ್ದು, ಅದರ ನೀರುಂಡ ನೆಲ, ದುಡಿದ ಕೈ, ಬಳಕೆಯಲ್ಲಿದ್ದ ಮಾತುಗಳನ್ನು ದಾಖಲಿಸುವ ಕಾರ್ಯವನ್ನು ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ವಿಳಂಬವಿಲ್ಲದೆ ಕೈಗೆತ್ತಿಕೊಳ್ಳಬೇಕಾಗಿದೆ. ಈ ಕೆಲಸಕ್ಕೂ ಒಂದು ಹದವಿದೆ. ಅದು ಬಹುಕಾಲ ನಿಲ್ಲುವಂಥದಲ್ಲ.